ಕೂಗಬೇಕಾದಾಗ ಕೂಗದ ಕಾರು

"ನಿಲ್ಲಿಸ್ರೀ ಅದನ್ನ! ಯಾರಾದ್ರೂ ಅದರ ಬಾಯಿ ಮುಚ್ಚಿಸ್ರೀ!"

ಷಣ್ಮುಖಪ್ಪನವರು ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಮನೆಯ ಮುಂದಿನ ಅಂಗಳದಲ್ಲಿ ಗಿರಕಿ ಹೊಡೆಯುತ್ತಿದ್ದರು. ಅವರ ಬಿಳಿ ಅಂಬಾಸಿಡರ್ ಕಾರು ಯಾರ ಮಾತಿಗೂ ಬಗ್ಗುವಂತೆ ಕಾಣಲಿಲ್ಲ. ಒಳಗೆ ಯಾರೂ ಕೂತಿಲ್ಲ, ಹೊರಗಿನಿಂದ ಯಾರೂ ಮುಟ್ಟಿಲ್ಲ. ಆದರೂ ಮನೆಗೆ ಕಳ್ಳ ಹೊಕ್ಕವರ ಹಾಗೆ ಪೇಂ ಪೇಂ ಎಂದು ಒಂದೇ ಸಮನೆ ಅರಚುತ್ತಿತ್ತು.

ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದ ಪಾಪಣ್ಣ ತಲೆ ಎತ್ತಲಿಲ್ಲ. "ಸ್ವಲ್ಪ ತಡೀರಿ ಸಾವ್ಕಾರ್ರೆ. ಕೂಗೋವಾಗ್ಲೇ ನಾಡಿ ಹಿಡೀಬೇಕು. ಸುಮ್ನಾದ ಮೇಲೆ ಹಿಡಿದ್ರೆ ರೋಗ ಸಿಗಲ್ಲ."

"ತಡಿಯಾಕೆ ನಂದೇನು ಕಲ್ಲಿನ ಕಿವಿ ಏನ್ರೀ? ಎರಡು ತಿಂಗಳಿಂದ ತಡ್ಕಂಡೀನಿ!"

ಕಾಂಪೌಂಡ್ ಗೋಡೆಯಾಚೆಯಿಂದ ಒಂದು ಹೆಣ್ಣು ದನಿ ತೇಲಿ ಬಂತು. "ಸಾವ್ಕಾರ್ರ ಕೋಳಿ ಕೂಗ್ತು, ಏಳ್ರೋ! ಎಂಟು ಗಂಟೆ ಆತು!" ಹಿಂದೆಯೇ ನಾಲ್ಕಾರು ಜನರ ನಗು.

ಷಣ್ಮುಖಪ್ಪನವರ ಮುಖ ಕೆಂಡವಾಯಿತು. ಚನ್ನಗಿರಿಯಲ್ಲಿ ಟಾಕೀಸು ಕಟ್ಟಿಸಿದ ಮನುಷ್ಯ. ಅವರ ಕಾರಿಗೆ ಈಗ ಊರು ಇಟ್ಟ ಹೆಸರು ಕೋಳಿ.

ಜಗಳೂರು, ಹೊನ್ನಾಳಿ, ನ್ಯಾಮತಿ, ಹೀಗೆ ಮೂರು ಊರಿನ ಟಾಕೀಸು ಮಾಲೀಕರ ಕಾರುಗಳಿಂದ ಸಿನಿಮಾ ರೀಲಿನ ಡಬ್ಬಿಗಳು ಹಾಡಹಗಲೇ ಮಾಯವಾಗಿದ್ದವು. ನಿನ್ನೆ ಗುರುವಾರ ಚನ್ನಗಿರಿಯ ಸರದಿ ಬಂದಿತ್ತು. ನಾಲ್ಕೂ ಕಾರಿಗೆ ಅಲಾರಾಂ ಇತ್ತು. ಕಳ್ಳ ಬಂದಾಗ ನಾಲ್ಕರಲ್ಲಿ ಒಂದೂ ಕೂಗಿರಲಿಲ್ಲ.

ಪಾಪಣ್ಣ ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಪೊಲೀಸ್ ಇಲಾಖೆಯ ಜೀಪು, ವ್ಯಾನುಗಳ ವೈರಿಂಗ್ ನೋಡಿಕೊಂಡೇ ಮೂವತ್ತು ವರ್ಷ ಕಳೆದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಓದಿದ್ದು ನಾಲ್ಕನೇ ಕ್ಲಾಸು. ಹೊನ್ನಾಳಿಯ ಟಾಕೀಸಿನ ಮಲ್ಲಿಕಾರ್ಜುನಪ್ಪನವರು ಹಟ ಹಿಡಿದು ಕರೆಸಿಕೊಂಡಿದ್ದಕ್ಕೆ ಈ ಕಳ್ಳತನಗಳ ಬೆನ್ನು ಹತ್ತಿದ್ದರು. ಇವತ್ತು ಹೊನ್ನಾಳಿಯಿಂದ ಮೊದಲ ಬಸ್ಸಿಗೆ ಬಂದು ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ಕೋಳಿ ಕೂಗಿತ್ತು.

"ಯಾರಪ್ಪಾ ಇದನ್ನ ಕೂಡಿಸಿದ್ದು?" ಎಂದು ಕೇಳಿದರು.

"ನಾನೇ, ಯಜಮಾನ್ರೆ." ಬಸ್ ಸ್ಟ್ಯಾಂಡಿನ ಎದುರು ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪ ಮುಂದೆ ಬಂದ. ಮೂವತ್ತರ ಒಳಗಿನ ಪ್ರಾಯ, ಜೇಬಿನಲ್ಲಿ ಟೆಸ್ಟರು, ಮಾತಿನಲ್ಲಿ ಠೀವಿ.

"ಎಲ್ಲಾ ವೈರೂ ಕೆಂಪೇ ಹಾಕೀಯಲ್ಲ. ಬಾಗಿಲಿನದು ಯಾವುದು, ಹಾರನ್ನಿಂದು ಯಾವುದು, ಬ್ಯಾಟರಿದು ಯಾವುದು ಅಂತ ನಾನು ಹೆಂಗೆ ತಿಳ್ಕಳ್ಲಿ?"

"ಅವತ್ತು ಅಂಗಡಿಯಾಗೆ ಕೆಂಪೇ ಇತ್ತು."

ಪಾಪಣ್ಣ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ಅವರಿಗೆ ಸಿಟ್ಟು ಬಂದಾಗ ಅಷ್ಟೇ ಮಾಡುತ್ತಿದ್ದರು.

ಜಗಲಿಯ ತುದಿಯಲ್ಲಿ ಡ್ರೈವರ್ ಜುಂಜಪ್ಪ ಕೂತಿದ್ದ. ನಲ್ಲೂರಿನವನು. ಇಪ್ಪತ್ತೆರಡು ವರ್ಷದಿಂದ ಈ ಮನೆಯ ಸ್ಟೇರಿಂಗು ಹಿಡಿದವನು. ಇವತ್ತು ಮಾತ್ರ ಅವನನ್ನು ಯಾರೂ ಕಾರಿನ ಹತ್ತಿರ ಕರೆದಿರಲಿಲ್ಲ, ಅಲಾರಾಂ ಆನ್ ಮಾಡಿದ್ದೂ ಷಣ್ಮುಖಪ್ಪನವರೇ. ಷಣ್ಮುಖಪ್ಪನವರ ಅಂಗಿ ಜೇಬಿನಲ್ಲಿ ಮಡಚಿದ ಒಂದು ಹಾಳೆ ಇತ್ತು. ಅದರಲ್ಲಿ ಅವನ ಹೆಸರು ಬರೆದಾಗಿತ್ತು. ಹತ್ತು ಗಂಟೆಗೆ ಪೊಲೀಸ್ ಜೀಪು ಬರುತ್ತದೆ, ಹಾಳೆ ಕೈ ಬದಲಾಯಿಸುತ್ತದೆ, ಜುಂಜಪ್ಪ ಜೀಪು ಹತ್ತುತ್ತಾನೆ. ಆ ಅಂಗಳದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಅವನಿಗಂತೂ ಗೊತ್ತಿತ್ತು.

ಪಾಪಣ್ಣ ಒಂದೊಂದಾಗಿ ಶುರು ಮಾಡಿದರು. ಬ್ಯಾಟರಿ ನೋಡಿದರು. ಎರಡು ಕಡೆ ಬಿಗಿ ಸರಿಯಿತ್ತು, ಬಿಳಿ ಬೂಸಲಿರಲಿಲ್ಲ, ಬಲ್ಬು ಹಚ್ಚಿದರೆ ಜೋರಾಗಿ ಉರಿಯಿತು. ಬಾನೆಟ್ಟು ಎತ್ತಿದರೆ ಕೂಗಿಸುವ ಗುಂಡಿಯ ವೈರು ಕಿತ್ತರು. ಕಾರು ಕೂಗುತ್ತಲೇ ಇತ್ತು. ಗಾಡಿ ಅಲುಗಾಡಿದರೆ ತಾಗಿ ಎಚ್ಚರಿಸುವ ತೂಗುಗುಂಡಿನ ಡಬ್ಬಿಯ ವೈರು ಕಿತ್ತರು. ಆಗಲೂ ಕೂಗು.

"ಅದನ್ನೆಲ್ಲಾ ನಾನು ಮಾಡೀನಿ ಬಿಡ್ರಿ," ಎಂದ ಕೊಟ್ರಬಸಪ್ಪ. "ಹಾರನ್ನು ಎರಡು ಸಲ ಬದ್ಲಿ ಮಾಡೀನಿ. ತೂಗುಗುಂಡನ್ನ ಇಷ್ಟು ಸಡಿಲ ಮಾಡೀನಿ, ಈಗ ಎಮ್ಮೆ ಬಂದು ಗುದ್ದಿದ್ರೂ ಕೂಗಲ್ಲ."

"ಎಮ್ಮೆ ಗುದ್ದಿದ್ರೆ ಕೂಗಲ್ಲ, ಯಾರೂ ಗುದ್ದದಿದ್ರೆ ಕೂಗತೈತೆ! ಎಂಥಾ ವಿದ್ಯಾ ಕಲ್ತೀಯೋ ಮಾರಾಯ!" ಷಣ್ಮುಖಪ್ಪ ಹಣೆ ಚಚ್ಚಿಕೊಂಡರು. "ಕಂಪನಿಯೋರ ಹತ್ರನೇ ಹಾಕಿಸ್ತೀನಿ ಅಂತ ಬಡ್ಕಂಡೆ. ಗಾಡಿ ತಂದು ಬಿಡ್ರಿ, ನಮ್ಮ ವರ್ಕ್‌ಶಾಪಿನಾಗೇ ಕೂಡಿಸಿ ಕೊಡ್ತೀವಿ ಅಂತ ಬೆಂಗ್ಳೂರಾಗೆ ಹೇಳಿದ್ರು. ಈ ಮಹಾರಾಯನ ಮಾತು ಕೇಳಿ ಕೆಟ್ಟೆ."

"ಕಂಪನಿದಾದ್ರೆ ಒಂದು ಫ್ಯೂಸು ಸುಟ್ರೂ ಬೆಂಗ್ಳೂರಿಗೇ ಓಡ್ಬೇಕು ಸಾವ್ಕಾರ್ರೆ. ನಂದಾದ್ರೆ ಉಂಬಾಕೆ ಕುಂತಿದ್ರೂ ಕೈ ತೊಳ್ಕಂಡು ಬರ್ತೀನಿ."

"ದಿನಾ ಬರ್ತೀಯಲ್ಲಪ್ಪಾ! ಅದೇ ಹೇಳಾದು! ದಿನಾ ಬರ್ತೀಯ!"

ಪಾಪಣ್ಣ ಇಬ್ಬರ ಮಾತಿಗೂ ಕಿವಿಗೊಡದೆ ನಾಲ್ಕು ಬಾಗಿಲ ವೈರುಗಳನ್ನು ಹುಡುಕಿ ಹಿಡಿದಿದ್ದರು. ಒಂದನ್ನು ಕಿತ್ತರು. ಕೂಗು. ಎರಡು. ಕೂಗು. ಮೂರು. ಕೂಗು. ನಾಲ್ಕನೆಯದನ್ನು ಕಿತ್ತದ್ದೇ ತಡ, ಅಂಗಳಕ್ಕೆ ಅಂಗಳವೇ ಸುಮ್ಮನಾಯಿತು. ದೂರದ ಗಿರಣಿಯ ಟುಕುಟುಕು ಸದ್ದು ಆಗ ಕೇಳಿಸಿತು.

"ಡ್ರೈವರ್ ಕಡೆ ಬಾಗ್ಲು," ಎಂದರು ಪಾಪಣ್ಣ. "ಬಾಗ್ಲು ಹಾಕೇ ಐತೆ. ಆದ್ರೆ ಅದರ ಗುಂಡಿ ಬಾಗ್ಲು ತೆಗೆದೈತೆ ಅಂತ ಸುಳ್ಳು ಹೇಳ್ತೈತೆ." ಜಗಲಿಯ ಕಡೆ ತಿರುಗಿದರು. "ಜುಂಜಪ್ಪಾ, ಇದು ದಿನಾ ಯಾವ ಹೊತ್ತಿಗೆ ಕೂಗತೈತೆ?"

ಬೆಳಗಿನಿಂದ ಅವನನ್ನು ಹೆಸರು ಹಿಡಿದು ಕರೆದವರು ಇವರೇ ಮೊದಲು. ಜುಂಜಪ್ಪ ಎದ್ದು ನಿಂತ. "ಹೊತ್ತಾರೆ ರೀ. ಏಳಕ್ಕೆ ಬಂದು ಕೀ ತಿರುವಿ ಆಫ್ ಮಾಡಿ ಗಾಡಿ ತೊಳಿತೀನಿ. ಆಮೇಲೆ ಮತ್ತೆ ಆನ್ ಮಾಡಿ ಇಡ್ತೀನಿ. ಅಂಗಳದಾಗಿದ್ರೂ ಆನ್ ಇರ್ಬೇಕು ಅಂತ ಸಾವ್ಕಾರ್ರ ಹುಕುಂ. ಆನ್ ಮಾಡಿ ಎಲೆ ಅಡಿಕೆ ಹಾಕ್ಕಳ್ಳೋ ಹೊತ್ತಿಗೆ ಶುರು. ಒಂಬತ್ತು ಒಂಬತ್ತೂವರೆ ತನಕ ಇದೇ ಗೋಳು. ಬಿಸ್ಲು ಬಲಿತ ಮೇಲೆ ಕಮಕ್ ಕಿಮಕ್ ಅನ್ನಲ್ಲ."

"ಎಲ್ಲಾ ದಿನಾನೂ ಒಂದೇ ತರಾನಾ?"

"ಮಂಗಳ್ವಾರ, ಶುಕ್ರವಾರ ಜಾಸ್ತಿ ರೀ."

"ಹಾಂ, ಕಾರಿಗೂ ವಾರ ಗೊತ್ತಾಗತೈತೆ!" ಎಂದು ಷಣ್ಮುಖಪ್ಪ ಸಿಡುಕಿದರು. "ಕೇಳಿದ್ರಾ ಪಾಪಣ್ಣಾರೆ? ಹಿಂಗೇ ಕಥೆ ಕಟ್ತಾನೆ. ಆಫ್ ಮಾಡಿ ಆಫ್ ಮಾಡಿ ಇವನಿಗೆ ಕೈ ಪಳಗೈತೆ. ನಿನ್ನೆನೂ ಆಫ್ ಮಾಡ್ಯಾನೆ, ಡಬ್ಬಿ ಇಳಿಸ್ಯಾನೆ. ಇವತ್ತು ಶುಕ್ರವಾರ, ಹೊಸಾ ಚಿತ್ರ, ಊರ ತುಂಬ ಪೋಸ್ಟರ್ ಹಚ್ಚೀನಿ. ವಿಡಿಯೋ ಅಂಗಡಿ ಬಂದು ಮೊದ್ಲೇ ಜನ ಟಾಕೀಸಿಗೆ ಬರಾಕೆ ಒಲ್ಲೆ ಅಂತಾರೆ. ನಾಲ್ಕು ಡಬ್ಬಿಯಾಗೆ ಹಿಂದಿನ ಎರಡು ಹೋಗ್ಯಾವೆ. ಇಂಟರ್ವಲ್ ಆದ ಮೇಲೆ ಪರದೆ ಮೇಲೆ ಏನ್ ತೋರಿಸ್ಲಿ, ನನ್ನ ಮುಖಾನಾ?"

ಪಾಪಣ್ಣ ಮಂಗಳವಾರ, ಶುಕ್ರವಾರ ಎಂಬುದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತಾ ಸುತ್ತಿ ಬಂದು ಡ್ರೈವರ್ ಕಡೆಯ ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತರು. ಅಲಾರಾಮಿನ ಗುಂಡಿ ಎಲ್ಲಿದೆ ಎಂದು ಕಣ್ಣಾಡಿಸಿದರು. ಸಾಮಾನ್ಯವಾಗಿ ಅದು ಬಾಗಿಲ ಕಂಬದಲ್ಲಿ ಮೇಲೆ ಇರಬೇಕು. ಇಲ್ಲಿ ಇರಲಿಲ್ಲ. ಕೆಳಗೆ, ಕಾಲಿಟ್ಟು ದಾಟುವ ಅಲ್ಯೂಮಿನಿಯಂ ಪಟ್ಟಿಯ ನಡುವೆ, ಕಡಲೆಕಾಳಿನಷ್ಟು ಹಿತ್ತಾಳೆಯ ಗುಂಡಿ.

ಹಿತ್ತಾಳೆ ಎಂದು ಗೊತ್ತಾಗಿದ್ದು ಅಂದಾಜಿನ ಮೇಲೆ. ಪಟ್ಟಿಯ ತುಂಬ ಹಸಿ ಅರಿಶಿನ ಬಳಿದಿತ್ತು. ಅದರ ಮೇಲೆ ಮೂರೆಳೆ ವಿಭೂತಿ. ಗುಂಡಿಯ ನೆತ್ತಿಗೆ ದುಂಡಗೆ ಕುಂಕುಮ.

ಪಾಪಣ್ಣ ಕೈ ಚಾಚಿದರು.

"ಅಲ್ಲಿ ಮುಟ್ಟಬ್ಯಾಡ್ರಿ!"

ಬಾಗಿಲಲ್ಲಿ ಷಣ್ಮುಖಪ್ಪನವರ ಹೆಂಡತಿ ಅನ್ನಪೂರ್ಣಮ್ಮ ನಿಂತಿದ್ದರು. ಹೇಳಿದ ಮಾತು ತಮಗೇ ಜೋರಾಗಿ ಕೇಳಿಸಿತೇನೋ, ದನಿ ತಗ್ಗಿಸಿದರು. "ಅಲ್ಲಾ, ಪೂಜೆ ಆಗೈತೆ ಅಂತ ಅಂದೆ ಅಷ್ಟೇ."

ಇಂಥ ಮಾತಿನ ಹಿಂದೆ ಏನಿರುತ್ತದೆ, ಏನಿರುವುದಿಲ್ಲ ಎಂದು ಅಳೆಯುವುದನ್ನು ಪಾಪಣ್ಣ ಬಹಳ ಹಿಂದೆಯೇ ಬಿಟ್ಟಿದ್ದರು. ಚಾಚಿದ ಕೈಯನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡರು.

"ನಾನು ಮುಟ್ಟಲ್ಲ ತಾಯಿ. ಇದನ್ನ ದಿನಾ ಮಾಡ್ತೀರಾ?"

"ಹೊಸ್ತಿಲ ಪೂಜೆ ದಿನಾ ಮಾಡ್ಬೇಕಲ್ರೀ. ಮನೆ ಹೊಸ್ತಿಲಿಗೆ ಮಾಡಿ, ಅದೇ ಅರಿಶಿನದ ಬಟ್ಲು ತಗಂಡು ಇದಕ್ಕೂ ಮಾಡ್ತೀನಿ. ಯಜಮಾನ್ರು ದಿನಾ ಇದರಾಗೆ ಊರೂರು ತಿರುಗ್ತಾರೆ. ಇದೂ ಒಂದು ಮನೆನೇ ಅಲ್ಲೇನು?"

"ಮಂಗಳ್ವಾರ, ಶುಕ್ರವಾರ ಅರಿಶಿನ ಸ್ವಲ್ಪ ಜಾಸ್ತಿ."

"ಅದು ಇದ್ದಿದ್ದೇ."

"ಈ ಗುಂಡಿಗೆ ಕುಂಕುಮ ಯಾಕೆ ಇಟ್ರಿ?"

"ಹೊಸ್ತಿಲ ನಡುವೆ ಹಿತ್ತಾಳೆ ಮೊಳೆ ಹೊಡೆಸ್ಯಾರೆ, ಒಳ್ಳೇದಕ್ಕೇ ಹೊಡೆಸಿರ್ಬೇಕು ಅಂತ ಇಟ್ಟೆ. ಯಾಕ್ರೀ, ಇಡಬಾರ್ದಾ?"

ಕೊಟ್ರಬಸಪ್ಪ ಬಾಯಿ ತೆರೆದವನು ಹಾಗೇ ನಿಂತ.

"ತಾಯಿ, ಒಂದು ಉಪಕಾರ ಮಾಡ್ರಿ," ಎಂದರು ಪಾಪಣ್ಣ. "ಒಣ ಬಟ್ಟೆ ತಗಂಡು ನೀವೇ ಅದನ್ನ ಒರೆಸ್ರಿ. ಗುಂಡಿ ಸುತ್ತ ಚೂರೂ ಹಸಿ ಉಳೀಬಾರ್ದು. ಹಸಿ ಇದ್ರೆ ಅದರಾಗೇ ಕರೆಂಟು ಹರಿದು ಬಾಗ್ಲು ತೆಗೆದಂಗೆ ಕೂಗತೈತೆ, ಬಿಸ್ಲಿಗೆ ಒಣಗಿದ ಮೇಲೆ ಸುಮ್ನಾಗತೈತೆ."

ಅನ್ನಪೂರ್ಣಮ್ಮ ಗಂಡನ ಮುಖ ನೋಡಿದರು. ಗಂಡ ಆಕಾಶ ನೋಡಿದರು. ಕೊನೆಗೆ ಸೆರಗಿನ ತುದಿಯಲ್ಲೇ ಒರೆಸಿದರು. ಪಾಪಣ್ಣ ಬಾಗಿಲು ಹಾಕಿ, ಕಿತ್ತಿದ್ದ ವೈರುಗಳನ್ನೆಲ್ಲ ಮತ್ತೆ ಸಿಕ್ಕಿಸಿ, ಬಾನೆಟ್ಟು ಮುಚ್ಚಿದರು. ಎಲ್ಲರೂ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿ ತಯಾರಾದರು.

ಕಾರು ತುಟಿ ಪಿಟಕ್ಕೆನ್ನಲಿಲ್ಲ.

ಒಂದು ನಿಮಿಷ. ಎರಡು ನಿಮಿಷ. ಗೋಡೆಯಾಚೆಯಿಂದ "ಯಾಕೋ ಕೋಳಿ ಕುಯ್ದಂಗೈತೆ!" ಎಂಬ ಮಾತು ಬಂತು.

"ಅಂದ್ರೆ ಎರಡು ತಿಂಗಳಿಂದ ಕೂಗಿಸಿದ್ದು ನೀನಾ!" ಷಣ್ಮುಖಪ್ಪ ಹೆಂಡತಿಯ ಕಡೆ ತಿರುಗಿದರು.

"ನಿಮಗೇನೂ ಆಗ್ಬಾರ್ದು ಅಂತ ಮಾಡ್ದೆ. ಹೊಸ್ತಿಲಾಗೆ ಗಂಟೆ ಕಟ್ಟೀರಿ ಅಂತ ನನಗೆ ಯಾರು ಹೇಳಿದ್ರು?"

ಷಣ್ಮುಖಪ್ಪ ಕೊಟ್ರಬಸಪ್ಪನ ಮೇಲೆ ಹರಿಹಾಯ್ದರು. "ಕಂಪನಿಯೋರಾಗಿದ್ರೆ ಇಂಥಾ ಜಾಗದಾಗೆ ಇಡ್ತಿದ್ರೇನೋ?"

"ಅವರು ಮೇಲಿಡೋರು," ಎಂದರು ಪಾಪಣ್ಣ ಬೇಸರದಿಂದ. "ರಬ್ಬರ್ ಟೋಪಿನೂ ಹಾಕೋರು. ಇವನಿಗೆ ಕೆಳಗೆ ತೂತು ಹೊಡಿಯಾಕೆ ಸಲೀಸು, ಹೊಡೆದ. ಆದ್ರೆ ಸಾವ್ಕಾರ್ರೆ, ಕಂಪನಿದೋ ಹೊರಗಿಂದೋ ಅನ್ನೋ ಜಗಳ ಆಮೇಲೆ ಆಡಾಣ. ಯಾರೇ ಕೂಡಿಸ್ಲಿ, ಗಾಡಿ ಒಂದನ್ನೇ ನೋಡಿದ್ರೆ ಸಾಲದು, ಗಾಡಿ ನಿಲ್ಲೋ ಮನೆ ನೋಡ್ಬೇಕು. ಬರ್ರಿ, ಈಗ ಇದು ಕೂಗಬೇಕಾದಾಗ ಕೂಗತೈತಾ ನೋಡಾಣ."

ಕಾರಿನ ಎಡಗಡೆ ಮಡ್‌ಗಾರ್ಡಿನ ಮೇಲೆ ಎಂಟಾಣೆ ನಾಣ್ಯದಷ್ಟು ದುಂಡಗಿನ ಕೀ ಜಾಗವಿತ್ತು. ಅಲಾರಾಂ ಆನ್ ಮಾಡುವುದೂ ಆಫ್ ಮಾಡುವುದೂ ಅಲ್ಲೇ. ಅದು ಆನ್ ಇದೆ ಎಂದು ಖಚಿತಪಡಿಸಿಕೊಂಡು, ಕೊಟ್ರಬಸಪ್ಪನಿಗೆ ಬಾಗಿಲು ತೆಗೆಯಲು ಹೇಳಿದರು.

ತೆಗೆದ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರು ಅರಚಿತು. ಹಿಂದಿನ ಬಾಗಿಲು. ಅರಚಿತು. ಆಚೆ ಬದಿಯ ಎರಡು ಬಾಗಿಲು, ಬಾನೆಟ್ಟು. ಎಲ್ಲದಕ್ಕೂ ಅರಚಿತು. ಪಾಪಣ್ಣ ಗೋಣಿತಟ್ಟು ಹಾಸಿಕೊಂಡು ಕಾರಿನ ಕೆಳಗೂ ಮಲಗಿ ನೋಡಿದರು. ಒಂದು ವೈರೂ ಕತ್ತರಿಸಿರಲಿಲ್ಲ, ತೇಪೆ ಹಾಕಿರಲಿಲ್ಲ.

ಬೆನ್ನಿನ ಧೂಳು ಕೊಡವಿಕೊಂಡು ಏಳುವಾಗ ಅವರಿಗೆ ತಮ್ಮ ಮೇಲೆಯೇ ರೇಗಿತು. ರೋಗ ಹುಡುಕಲು ಹೋಗಿ ಜುಂಜಪ್ಪನ ಕುತ್ತಿಗೆಗೆ ಹಗ್ಗ ಹೊಸೆದು ಕೊಟ್ಟಂತಾಗಿತ್ತು. ಅಲಾರಾಂ ಕೆಟ್ಟಿದೆ ಎಂದಾಗಿದ್ದರೆ ಅವನು ಉಳಿಯುತ್ತಿದ್ದ. ಕೆಟ್ಟಿಲ್ಲ.

ಷಣ್ಮುಖಪ್ಪ ಅದನ್ನು ಅವರಿಗಿಂತ ಮೊದಲೇ ಹಿಡಿದಿದ್ದರು. "ನೋಡಿದ್ರಾ? ನಾನೇನ್ ಹೇಳ್ದೆ? ನಿನ್ನೆ ಮಧ್ಯಾಹ್ನ ಒಂದು ಗಂಟೆ. ಟಾಕೀಸಿನ ಹಿಂದೆ ಗಾಡಿ ನಿಂತೈತೆ, ಹಿಂದಿನ ಸೀಟಿನಾಗೆ ಡಬ್ಬಿ. ಆನ್ ಮಾಡಿ ಉಂಬಾಕೆ ಹೋದೆ ಅಂತಾನೆ ಇವನು. ಬಾಗ್ಲು ತೆಗೆದ್ರೆ ಕೂಗತೈತೆ. ಕೂಗಿಲ್ಲ. ಅಂದ್ರೆ ಯಾರೋ ಕೀ ಹಾಕಿ ಆಫ್ ಮಾಡ್ಯಾರೆ. ಕೀ ಇರೋದು ಎರಡು. ಒಂದು ನನ್ನ ಉಡಿದಾರದಾಗೈತೆ, ಸ್ನಾನಕ್ಕೂ ಬಿಚ್ಚಲ್ಲ. ಇನ್ನೊಂದು ಇವನ ಹತ್ರ. ಇದಕ್ಕೆ ಪತ್ತೇದಾರನೇ ಬೇಕೇನ್ರೀ?"

ಜುಂಜಪ್ಪ ಪಾಪಣ್ಣನವರನ್ನು ಒಂದು ಸಲ ನೋಡಿದ. ನೀವು ಬಂದಿದ್ದು ಇದಕ್ಕೇನಾ ಎನ್ನುವ ಹಾಗಿತ್ತು ಆ ನೋಟ.

ಗಂಟೆ ಒಂಬತ್ತೂವರೆ.

"ಎರಡೂ ಕೀ ಕೊಡ್ರಿ," ಎಂದರು ಪಾಪಣ್ಣ.

ಷಣ್ಮುಖಪ್ಪ ಗೊಣಗುತ್ತಾ ಉಡಿದಾರ ಸಡಿಲಿಸಿದರು. ಜುಂಜಪ್ಪ ಜೇಬಿನಿಂದ ತನ್ನದನ್ನು ತೆಗೆದ. ಸೈಕಲ್ ಬೀಗದ ಕೀಯಷ್ಟೇ ಸಣ್ಣವು, ತಗಡಿನಂತೆ ಹಗುರ. ಪಾಪಣ್ಣ ಎರಡನ್ನೂ ಬಾನೆಟ್ಟಿನ ಮೇಲೆ ಜೋಡಿಸಿಟ್ಟು ಹಲ್ಲು ನೋಡಿದರು. ನಂಬರ್ ಹುಡುಕಿದರು. ಒಳ್ಳೆಯ ಬೀಗದ ಕೀಗೆ ಮೈಮೇಲೆ ನಂಬರ್ ಇರುತ್ತದೆ. ಇವಕ್ಕೆ ಇರಲಿಲ್ಲ.

ನಂಬರಿಲ್ಲದ ಇನ್ನೊಂದು ಕೀಯನ್ನು ಅವರು ಇದೇ ವಾರ ಕಂಡಿದ್ದರು. ಕಂಡಿದ್ದೇನು, ಚೀಲದಲ್ಲೇ ಇತ್ತು. ಹೊನ್ನಾಳಿಯ ಮಲ್ಲಿಕಾರ್ಜುನಪ್ಪನವರು ತಮ್ಮ ಕಾರಿನ ಅಲಾರಾಂ ಕೀಯನ್ನು "ನೀವೇ ಇಟ್ಕಳ್ರಿ, ಇನ್ನು ಅದರ ಮೇಲೆ ನನಗೆ ನಂಬಿಕೆ ಇಲ್ಲ" ಎಂದು ಕೊಟ್ಟಿದ್ದರು. ಪಾಪಣ್ಣ ಚೀಲ ತೆರೆದು ಅದನ್ನೂ ತೆಗೆದು ಉಳಿದೆರಡರ ಪಕ್ಕ ಇಟ್ಟರು.

ಮೂರು ಕೀ. ಅವೇ ಹಲ್ಲು. ಅವೇ ತಗ್ಗು.

ಪಾಪಣ್ಣ ಹೊನ್ನಾಳಿಯ ಕೀಯನ್ನು ಚನ್ನಗಿರಿಯ ಕಾರಿನ ಮಡ್‌ಗಾರ್ಡಿಗೆ ಹಾಕಿ ತಿರುವಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿತು. ಡ್ರೈವರ್ ಕಡೆಗೆ ನಡೆದು ಬಾಗಿಲು ಪೂರ್ತಿ ತೆಗೆದರು.

ಕಾರು ಕೂಗಲಿಲ್ಲ.

"ಕೊಟ್ರಬಸಪ್ಪಾ," ಎಂದರು, "ಇಲ್ಲಿ ಬಾ."

ಅವನು ಬಂದ. ಟೆಸ್ಟರು ಜೇಬಿನಲ್ಲಿ ಇತ್ತು, ಠೀವಿ ಇರಲಿಲ್ಲ.

"ಎಷ್ಟು ಕಾರಿಗೆ ಕೂಡಿಸೀಯಾ?"

"ಹನ್ನೊಂದು ರೀ. ಈ ನಾಲ್ಕು ಟಾಕೀಸಿನೋರದು, ಮಿಕ್ಕಿದ್ದು ಮಂಡಿ ಸಾವ್ಕಾರ್ರದು."

"ಹನ್ನೊಂದಕ್ಕೂ ಒಂದೇ ಕೀನಾ?"

"ಬೆಂಗ್ಳೂರಿಂದ ಒಂದೇ ಡಬ್ಬಿಯಾಗೆ ಬಂದ್ವು. ಬಂದಂಗೆ ಕೂಡಿಸ್ದೆ. ನಾನೇನು ಬೀಗ ಮಾಡೋನೇ?"

"ಅಂದ್ರೆ ಇಪ್ಪತ್ತೆರಡು ಕೀ. ಈ ಸೀಮೆಯಾಗೆ ಇಪ್ಪತ್ತೆರಡು ಜನ ಯಾರ ಕಾರು ಬೇಕಾದ್ರೂ ಸುಮ್ನಿರಿಸಬಹುದು. ಅದನ್ನ ಒಬ್ಬರಿಗೂ ಹೇಳಿಲ್ಲ ನೀನು. ಒಂದು ಗಂಟೆಯಿಂದ ಇಲ್ಲೇ ನಿಂತೀಯ. ಎರಡೇ ಕೀ ಅಂತ ಸಾವ್ಕಾರ್ರು ಕೂಗಾಡೋದು ಕೇಳ್ತಿದ್ದೀಯ. ಆ ಮನುಷ್ಯ ಜೈಲಿಗೆ ಹೋಗಾಕೆ ಕುಂತಾನೆ. ಬಾಯಿಗೆ ಏನು ಮೆತ್ತಿದ್ರು?"

"ನನಗೆ ಮೊದ್ಲು ಗೊತ್ತಿರ್ಲಿಲ್ಲ ಯಜಮಾನ್ರೆ! ದೇವ್ರಾಣೆ!"

"ಮೊದ್ಲು ಗೊತ್ತಿರ್ಲಿಲ್ಲ. ಆಮೇಲೆ?"

ಕೊಟ್ರಬಸಪ್ಪ ನೆಲ ನೋಡಿದ.

"ಆಮೇಲೆ ಯಾವಾಗ ಗೊತ್ತಾತು ಅಂದೆ."

"ಹದಿನೈದು ದಿನ ಆತು. ನ್ಯಾಮತಿ ಟಾಕೀಸಿನ ಮಲ್ಲೇಶಪ್ಪಾರ ಕಾರು ಡೈನಮೋ ರಿಪೇರಿಗೆ ಬಂದಿತ್ತು. ಅಂಗಡಿ ಮುಂದೆ ನಿಲ್ಲಿಸಿದ್ದೆ. ಒಬ್ರು ಬಂದ್ರು. ಇದಕ್ಕೂ ನಂದಕ್ಕೂ ಕೀ ಒಂದೇ ತರ ಕಾಣ್ತೈತಲ್ಲೋ ಅಂದ್ರು. ನನ್ನ ಕಣ್ಣೆದುರಿಗೇ ತಮ್ಮ ಕೀ ಹಾಕಿ ತಿರುವಿದ್ರು. ತಿರುಗ್ತು."

ಪಾಪಣ್ಣನವರ ನೆನಪು ಪುಸ್ತಕ ಬೇಡದ ನೆನಪು. ನ್ಯಾಮತಿಯ ಡಬ್ಬಿ ಹೋಗಿದ್ದು ಹುಣ್ಣಿಮೆಯ ಮುಂದಿನ ಮಂಗಳವಾರ. ಇವತ್ತು ಶುಕ್ರವಾರ, ಅಂದರೆ ಹತ್ತು ದಿನದ ಕೆಳಗೆ. ಲೆಕ್ಕ ಸರಿಯಾಯಿತು. ಆ ಕೀ ತಿರುಗಿ ಐದನೆಯ ದಿನಕ್ಕೆ ನ್ಯಾಮತಿಯ ಕಾರು ಬರಿದಾಗಿತ್ತು.

"ಯಾರು ಬಂದಿದ್ದು?"

"ಹೇಳಿದ್ರೆ ಅಂಗಡಿ ಮುಚ್ಚಿಸ್ತೀನಿ ಅಂದಾರೆ ರೀ."

"ಹೇಳದಿದ್ರೆ ಹತ್ತು ಗಂಟೆ ಜೀಪಿನಾಗೆ ಜುಂಜಪ್ಪನ ಪಕ್ಕ ಇನ್ನೊಂದು ಜಾಗ ಐತೆ. ಯಾರು?"

ಕೊಟ್ರಬಸಪ್ಪ ತಲೆ ಎತ್ತಿ, ಬಾನೆಟ್ಟಿನ ಆಚೆ ನಿಂತಿದ್ದ ಷಣ್ಮುಖಪ್ಪನವರನ್ನು ನೋಡಿದ. ನೋಡುತ್ತಲೇ ನಿಂತ.

ಅನ್ನಪೂರ್ಣಮ್ಮ ಜಗಲಿಯ ಕಂಬ ಹಿಡಿದುಕೊಂಡರು.

"ಸಾವ್ಕಾರ್ರೆ," ಎಂದರು ಪಾಪಣ್ಣ. ಅವರ ದನಿಯಲ್ಲಿ ಬೆಳಗಿನಿಂದ ಇದ್ದ ಬೇಸರವೂ ಈಗ ಇರಲಿಲ್ಲ. "ಎಲ್ಲಾ ಕಾರಿಗೂ ಒಂದೇ ಕೀ ಅಂತ ಹದಿನೈದು ದಿನದಿಂದ ನಿಮಗೆ ಗೊತ್ತಿತ್ತು. ಆದ್ರೂ ಎರಡೇ ಕೀ ಅಂತ ಹಾಳೆ ಮೇಲೆ ಬರೆದ್ರಿ."

ಷಣ್ಮುಖಪ್ಪ ಜೇಬಿನ ಹಾಳೆಯನ್ನು ಮುಟ್ಟಿ ನೋಡಿಕೊಂಡರು. "ಇರ್ಲಿ ಬಿಡ್ರಿ," ಎಂದರು. ಕೇಳಿಸಿಕೊಳ್ಳಲು ಹತ್ತಿರ ಹೋಗಬೇಕಾಯಿತು. "ಕಂಪ್ಲೇಂಟು ಬ್ಯಾಡ. ನಾನು ಕೊಡಲ್ಲ. ಜೀಪು ಬಂದ್ರೆ ಕಾಫಿ ಕುಡಿಸಿ ಕಳಿಸಾಣ. ಜುಂಜಪ್ಪಾ, ಮನೆಗೆ ಹೋಗಪ್ಪಾ. ಆದದ್ದು ಆಗಿ ಹೋತು. ನಾಳೆಯಿಂದ ಕೆಲ್ಸಕ್ಕೆ ಬಾ."

"ಆಗಿದ್ದೇನು, ಅದನ್ನಾದ್ರೂ ಹೇಳ್ರಿ," ಎಂದರು ಅನ್ನಪೂರ್ಣಮ್ಮ.

"ನೀನು ಒಳಗೆ ಹೋಗು."

"ನಾನು ಹೋಗಲ್ಲ."

ಪಾಪಣ್ಣ ಜುಂಜಪ್ಪನ ಕಡೆ ನೋಡಿದರು. ಉಳಿದುಕೊಂಡಿದ್ದ. ಜೀಪಿಲ್ಲ, ಸ್ಟೇಷನ್ನಿಲ್ಲ, ನಾಳೆ ಕೆಲಸವೂ ಇದೆ. ಸಮಾಧಾನದ ಒಂದು ಉಸಿರು ಬಿಡುತ್ತಾನೆ, ಹೆಗಲ ಟವೆಲ್ಲು ಕೊಡವುತ್ತಾನೆ, ಹೊರಡುತ್ತಾನೆ ಎಂದುಕೊಂಡರು. ಬೀದಿಯ ತಿರುವಿನಲ್ಲಿ ಜೀಪಿನ ಗೇರು ಬದಲಾದ ಸದ್ದು ಕೇಳಿಸಿತು. ಹತ್ತಾಗಲು ಇನ್ನೂ ಹತ್ತು ನಿಮಿಷವಿತ್ತು, ಬೇಗನೇ ಬಂದಿದ್ದರು.

ಜುಂಜಪ್ಪ ಹೊರಟಿದ್ದು ನಿಜ. ಹೊರಟಿದ್ದು ಗೇಟಿನ ಕಡೆಗೆ. ಎರಡೂ ಬಾಗಿಲನ್ನು ಅಗಲಕ್ಕೆ ತೆಗೆದು, ಜೀಪು ಒಳಗೆ ಬರಲು ಜಾಗ ಬಿಟ್ಟು ಪಕ್ಕಕ್ಕೆ ನಿಂತ.

"ಏಯ್ ಜುಂಜಪ್ಪಾ, ಏನ್ ಮಾಡ್ತೀಯಾ? ಬ್ಯಾಡ ಅಂದೆನಲ್ಲ!"

"ನೀವು ಕೊಡಬ್ಯಾಡ್ರಿ ಸಾವ್ಕಾರ್ರೆ," ಎಂದ ಜುಂಜಪ್ಪ, ತಿರುಗಿ ನೋಡದೆ. "ಕಂಪ್ಲೇಂಟು ನಾನು ಕೊಡ್ತೀನಿ. ಇಪ್ಪತ್ತೆರಡು ವರ್ಷ ಉಪ್ಪು ತಿಂದೀನಿ ಅಂತ ನಿನ್ನೆಯಿಂದ ನಾಲಗೆ ಕಚ್ಚಿ ಕುಂತಿದ್ದೆ. ನಾನು ಉಂಬಾಕೆ ಹೋಗಿದ್ದೆ, ಹೋಗಿದ್ದೆ ಅಂತ ಎಲ್ಲಾರೂ ಅಂತೀರಿ. ಒಂದು ಗಂಟೆಗೆ ಗಾಡಿ ಬಿಟ್ಟು ಉಂಬಾಕೆ ಹೋಗು ಅಂತ ನನ್ನನ್ನ ಕಳಿಸಿದೋರು ಯಾರು ಅಂತ ಒಬ್ರಾದ್ರೂ ಕೇಳಿದ್ರಾ?"

ಪಾಪಣ್ಣ ಬ್ಯಾಟರಿ ಕೇಳಿದ್ದರು, ವೈರು ಕೇಳಿದ್ದರು, ವಾರ ಕೇಳಿದ್ದರು. ಅದೊಂದನ್ನು ಕೇಳಿರಲಿಲ್ಲ.

ಜೀಪು ಅಂಗಳಕ್ಕೆ ನುಗ್ಗಿ ನಿಂತಿತು. ಸಬ್ ಇನ್ಸ್‌ಪೆಕ್ಟರ್ ಒಂದು ಕಾಲು ಕೆಳಗಿಟ್ಟು, "ಎಲ್ರೀ ಆ ಡ್ರೈವರು?" ಎಂದರು.

"ನಾನೇ ಸಾಹೇಬ್ರೆ," ಎಂದ ಜುಂಜಪ್ಪ. "ಬರ್ಕಳ್ರಿ, ಹೇಳ್ತೀನಿ."

ಅವನ ಕಣ್ಣು ಷಣ್ಮುಖಪ್ಪನವರ ಮೇಲೆ ಹಾಯ್ದು, ಅಲ್ಲಿ ನಿಲ್ಲದೆ, ಮುಂದೆ ಹೋಗಿ ಜಗಲಿಯ ಕಂಬ ಹಿಡಿದು ನಿಂತಿದ್ದ ಅನ್ನಪೂರ್ಣಮ್ಮನವರ ಮೇಲೆ ನೆಟ್ಟಿತು. ನಿನ್ನೆ ಒಂದು ಗಂಟೆಗೆ ಅವನನ್ನು ಊಟಕ್ಕೆ ಕಳಿಸಿದವರು ಯಾರೆಂದು ಪಾಪಣ್ಣನವರಿಗೆ ಆಗ ತಿಳಿಯಿತು.